ಕೆಡಲಾರದ ಕಂಪ್ಯೂಟರು, ಸುಮ್ಮನಿರಲಾರದ ಮಾಮಾ

ನಮ್ಮ ಮಾಮಾ ಕೆಟ್ಟುಹೋದ ವಸ್ತುವಿಗೆ ಎಂದೂ ಕೈ ಹಚ್ಚಿದವರಲ್ಲ. ಅವರಿಗೆ ಬೇಕಾದದ್ದು ಚೆನ್ನಾಗಿ ನಡೆಯುತ್ತಿರುವ ವಸ್ತು! ಕೆಟ್ಟು ಅಟ್ಟ ಸೇರಿದ ಮಿಕ್ಸರು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಗರಗರ ತಿರುಗುತ್ತಿರುವ ಮಿಕ್ಸರು ಕಂಡರೆ ಮಾತ್ರ ಕೈ ತುರಿಸುತ್ತದೆ. ಅದರ ಸುತ್ತ ಒಂದು ಸುತ್ತು ಬಂದು, ಕನ್ನಡಕ ಮೇಲೇರಿಸಿ, ಇದು ಇನ್ನೂ ಚಲೋ ನಡೆಯಬಹುದಲ್ಲ ಎನ್ನುತ್ತಾರೆ. ಈ ಮಾತು ಬಂತೆಂದರೆ ನಮ್ಮ ಮಾಮಿ ಆ ವಸ್ತುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಗೆ ನಡೆದುಬಿಡುತ್ತಾರೆ.

ಮಾಮಾ ನನ್ನ ಅವ್ವನ ತಮ್ಮ. ಸಂಖದಲ್ಲಿ ಮನೆ, ನನ್ನ ಮನೆಯಿಂದ ಒಂದು ಓಣಿ ದಾಟಿದರೆ ಅವರ ಓಣಿ. ಮರಾಠಿ ರಾಜ್ಯಕ್ಕೆ ಸೇರಿದ ನಮ್ಮ ಗಡಿಯ ಜತ್ತ ತಾಲೂಕಿನ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರಾಗಿ ದುಡಿದು ನಿವೃತ್ತರಾದವರು. ಸಾಲೆಯಲ್ಲೂ ಅವರ ಸ್ವಭಾವ ಇದೇ ಆಗಿತ್ತಂತೆ. ಸನಮಡಿಯ ಒಬ್ಬ ಹುಡುಗ ಒಮ್ಮೆ ಬಹಳ ಚೆಂದದ ಕುರಿಯ ಚಿತ್ರ ಬರೆದು ತಂದ. ಮನೆತುಂಬ ಕುರಿ ಇದ್ದವನು, ಬರೆಯದೆ ಇರುತ್ತಾನೆಯೇ? ಮಾಮಾ ನೋಡಿದರು, ಮೆಚ್ಚಿದರು, ಬೆನ್ನಿಗೊಂದು ಗೆರೆ ಬೇಕು ಎಂದರು. ಬೆನ್ನು ಸರಿಯಾದ ಮೇಲೆ ಕಾಲು ಸಣ್ಣವಾಗಿ ಕಂಡವು. ಕಾಲು ದಪ್ಪವಾದ ಮೇಲೆ ಕೊಂಬು ಬೇಕಾಯಿತು. ಕಡೆಗೆ ಆ ಚಿತ್ರಕ್ಕೆ ಪ್ರದರ್ಶನದಲ್ಲಿ ಬಹುಮಾನವೇನೋ ಬಂತು, ಆದರೆ 'ಎಮ್ಮೆ' ಎಂಬ ಹೆಸರಿನಲ್ಲಿ! ಹುಡುಗ ಬಹುಮಾನ ಇಸಿದುಕೊಳ್ಳಲು ವೇದಿಕೆ ಹತ್ತಲೇ ಇಲ್ಲವಂತೆ. ತಮ್ಮ ಮನೆಯಲ್ಲಿ ಎಮ್ಮೆಯೇ ಇಲ್ಲ ಅಂದನಂತೆ.

ಮನೆಯ ಬಾಗಿಲಿಗೆ ಹಗ್ಗ ಜಗ್ಗಿದರೆ ಠಣ್ ಎನ್ನುವ ಹಿತ್ತಾಳೆ ಗಂಟೆಯೊಂದಿತ್ತು. ಅವರ ಅಪ್ಪನ ಕಾಲದ್ದು, ಒಂದು ದಿನವೂ ತಕರಾರು ಮಾಡಿದ್ದಲ್ಲ. ಅದೇ ಅದರ ತಪ್ಪಾಯಿತು. ಅದನ್ನು ತೆಗೆದು ತಂತಿಯಿಲ್ಲದ ಬೆಲ್ಲು ಹಾಕಿದರು. ಮರುವಾರ ಬದಿಯ ಮನೆಯವರೂ ಅದೇ ಅಂಗಡಿಯಿಂದ ಅಂಥದೇ ಬೆಲ್ಲು ತಂದರು. ಅಲ್ಲಿ ಒತ್ತಿದರೆ ಇಲ್ಲಿ ಬಾರಿಸುತ್ತದೆ! ಅವರ ಮನೆಗೆ ಹಾಲಿನವನು ಬಂದರೂ, ಬೀಗರು ಬಂದರೂ ಇಲ್ಲಿ ಮಾಮಾ ಎದ್ದು ಓಡುತ್ತಿದ್ದರು. ಹೊರಗೆ ಯಾರೂ ಇರುತ್ತಿರಲಿಲ್ಲ. ಬಾಗಿಲು ತೆರೆದ ರೂಢಿಗೆ ಖಾಲಿ ಓಣಿಗೆ "ಬರ್ರಿ, ಕುಂದ್ರಿ" ಎಂದು ಹೇಳಿ ಒಳಗೆ ಬರುತ್ತಿದ್ದರು. ಮಾಸ್ತರಿಗೆ ತಲೆ ಸರಿಯಿದೆಯೇ ಎಂದು ಎದುರು ಮನೆಯ ಮುದುಕರು ನನ್ನನ್ನು ಗುಟ್ಟಾಗಿ ಕೇಳಿದ್ದುಂಟು.

ಇಂಥವರ ಕೈಗೆ ಕಂಪ್ಯೂಟರು ಸಿಕ್ಕರೆ ಏನಾಗಬೇಡ?

ನಿವೃತ್ತರಾದ ಮೇಲೆ ಚಿತ್ರಗಳನ್ನೆಲ್ಲ ಜೋಡಿಸಿಡಬೇಕೆಂದು ವಿಜಯಪುರದಿಂದ ಒಂದು ಹಳೆಯ ಕಂಪ್ಯೂಟರು ತಂದರು. ಅಂಗಡಿಯವನು ಅದರೊಳಗೆ ಏನನ್ನು ಹಾಕಿಕೊಟ್ಟಿದ್ದನೋ, ಅದು ಕಳ್ಳ ಪ್ರತಿ ಎಂದು ಪರದೆಯೇ ದಿನಾ ಮೂಲೆಯಲ್ಲಿ ಬರೆದು ತೋರಿಸತೊಡಗಿತು. ನಕಲು ಹೊಡೆಯಬಾರದು ಎಂದು ಇಡೀ ತಾಲೂಕಿನ ಮಕ್ಕಳಿಗೆ ಹೇಳಿದ ಮಾಸ್ತರ ಮನೆಯಲ್ಲಿ ಕಳ್ಳ ಮಾಲೇ? ಅವತ್ತೇ ಅದನ್ನು ಅಳಿಸಿ ಲಿನಕ್ಸ್ ಹಾಕಿಕೊಂಡರು. ಲಿನಕ್ಸ್ ಎಂದರೆ ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಬೇಕಾದವರು ಬಿಚ್ಚಿ ನೋಡಬಹುದಾದ ವ್ಯವಸ್ಥೆ. ಪುಕ್ಕಟೆ ಎಂಬುದಕ್ಕೆ ಮಾಮಾ ಅಷ್ಟು ಮನಸ್ಸು ಕೊಡಲಿಲ್ಲ. ಬಿಚ್ಚಿ ನೋಡಬಹುದು ಎಂಬ ಮಾತಿಗೆ ಅವರ ಮುಖ ಅರಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ದುರ್ದೈವವೆಂದರೆ ಆ ಕಂಪ್ಯೂಟರು ಕೆಡಲಿಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ ಎದ್ದು ಕೂಡುತ್ತಿತ್ತು, ಸಂಜೆ ಒತ್ತಿದರೆ ಮಲಗುತ್ತಿತ್ತು. ಕನ್ನಡ ಎಂದರೆ ಕನ್ನಡ, ಮರಾಠಿ ಎಂದರೆ ಮರಾಠಿ. ವರ್ಷ ಕಳೆಯಿತು, ಇನ್ನೊಂದು ವರ್ಷವೂ ಕಳೆಯಿತು. ಮಾಮಾ ಚಹಾದ ಕಪ್ಪು ಹಿಡಿದು ಅದರ ಮುಂದೆ ಕೂತು, ಯಾವ ಕಾಯಿಲೆಯೂ ಇಲ್ಲದ ರೋಗಿಯನ್ನು ಡಾಕ್ಟರು ನೋಡುವ ಹಾಗೆ ನೋಡುತ್ತಿದ್ದರು. ಮನೆಗೆ ಬಂದವರ ಮುಂದೆ, ಇದಕ್ಕೆ ಏನೂ ಆಗವಲ್ಲದು ನೋಡ್ರಿ ಎಂದು ಹೇಳಿಕೊಳ್ಳುತ್ತಿದ್ದರು. ಬಂದವರು ಇದು ಸಂತೋಷದ ಸುದ್ದಿಯೋ ದುಃಖದ್ದೋ ತಿಳಿಯದೆ ತಲೆಯಾಡಿಸುತ್ತಿದ್ದರು.

ಒಂದು ಬೇಸಿಗೆ ಮಧ್ಯಾಹ್ನ ನಾನು ಹೋದಾಗ ಅವರು ಬಹಳ ಹುರುಪಿನಲ್ಲಿದ್ದರು. ಸ್ಟೇಬಲ್ ಬಿಟ್ಟು ಟೆಸ್ಟಿಂಗಿಗೆ ಹೋಗುತ್ತೇನೆ ಎಂದರು. ನಾನು ರಕ್ತ ಪರೀಕ್ಷೆ ಎಂದುಕೊಂಡು ಗಾಬರಿಯಾದೆ. ಆಮೇಲೆ ತಿಳಿಯಿತು: ಅವರ ಲಿನಕ್ಸಿನಲ್ಲಿ ಎರಡು ಶಾಖೆಗಳಿವೆಯಂತೆ. ಒಂದು ಎಲ್ಲವನ್ನೂ ಪರೀಕ್ಷಿಸಿ, ಗಟ್ಟಿ ಎಂದು ಖಾತ್ರಿಯಾದ ಮೇಲೆ ಕೊಡುವ ಸ್ಟೇಬಲ್. ಇನ್ನೊಂದು ಹೊಸದೆಲ್ಲ ಮೊದಲು ಬಂದು ಬೀಳುವ, ಆದರೆ ಯಾವಾಗ ಯಾವುದು ಕೈಕೊಡುತ್ತದೋ ಹೇಳಲಾಗದ ಟೆಸ್ಟಿಂಗ್. ನನ್ನ ಮುಖ ನೋಡಿ ಮಾಮಾ ಬಿಡಿಸಿ ಹೇಳಿದರು.

"ಸ್ಟೇಬಲ್ ಅಂದ್ರ ಖಡಕ್ ರೊಟ್ಟಿ. ತಿಂಗಳಿಟ್ರೂ ಏನೂ ಆಗೂದಿಲ್ಲ, ಆದ್ರ ಮಾಡಿ ಭಾಳ ದಿನ ಆಗಿರ್ತದ. ಟೆಸ್ಟಿಂಗ್ ಅಂದ್ರ ಈಗ ಹಂಚಿನ ಮ್ಯಾಲ ಇರೂ ರೊಟ್ಟಿ."

"ಹಂಚಿನ ಮ್ಯಾಲಿನ ರೊಟ್ಟಿಗಿ ಕೈ ಹಚ್ಚಿದ್ರ ಬೊಬ್ಬಿ ಬರ್ತಾವ" ಎಂದರು ಮಾಮಿ, ಎದುರಿಗೇ ಕೂತು ಜೋಳ ಹಸನು ಮಾಡುತ್ತ.

ಮಾಮಾ ಒಂದು ಫೈಲು ತೆರೆದು, ಸ್ಟೇಬಲ್ ಎಂಬ ಶಬ್ದ ಅಳಿಸಿ ಟೆಸ್ಟಿಂಗ್ ಎಂದು ಬರೆದರು. ಅಷ್ಟೇ! ಒಂದು ಶಬ್ದ ಬದಲಿಸಿದ್ದಕ್ಕೆ ಆ ಕಂಪ್ಯೂಟರು ಇಡೀ ಮನೆಯ ಸಾಮಾನು ಹೊರಗೆ ಹಾಕಿ ಹೊಸ ಸಾಮಾನು ತರಿಸುವ ಹಾಗೆ ನೂರಾರು ವಸ್ತುಗಳನ್ನು ತರಿಸತೊಡಗಿತು. ನಮ್ಮ ಸಂಖದ ನೆಟ್ಟಿನ ಆಮೆ ನಡಿಗೆ ನಿಮಗೆ ಗೊತ್ತಿರಲಿಕ್ಕಿಲ್ಲ. ಅದರ ಮೇಲೆ ಕರೆಂಟು ಹೋಯಿತು. ಇನ್ವರ್ಟರಿನ ಮೇಲೆ ಕಂಪ್ಯೂಟರು ಉಸಿರು ಹಿಡಿದುಕೊಂಡು ನಡೆಯುತ್ತಿತ್ತು. ಇಂಥ ಹೊತ್ತಿನಲ್ಲಿ ನಡುವೆ ನಿಂತರೆ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ ಎಂಬ ಹಾಗಾಗುತ್ತದಂತೆ. ಮಾಮಾ ಮನೆಯ ಎಲ್ಲ ಫ್ಯಾನು, ಎಲ್ಲ ದೀಪ ಆರಿಸಿದರು.

ಸರಿಯಾಗಿ ಆಗಲೇ ಯಳವಿಯಿಂದ ಬೀಗರು ಬಂದರು, ಗಂಡ ಹೆಂಡತಿ ಇಬ್ಬರೂ, ತಮ್ಮ ಹೊಸ ಮನೆಯ ವಾಸ್ತುಶಾಂತಿಗೆ ಕರೆಯಲು. ಮಾಮಿ ಚಾಪೆ ಹಾಸಿ ಕೂರಿಸಿದರು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕತ್ತಲು, ಗಾಳಿ ಇಲ್ಲ. ಮೂಲೆಯಲ್ಲಿ ಮಾಮಾ ಪರದೆಯ ಮೇಲೆ ಕಣ್ಣು ನೆಟ್ಟು, ಹಣೆಗೆ ಕೈ ಹಚ್ಚಿ ಕೂತಿದ್ದಾರೆ. ಬಂದವರನ್ನು ಮಾತಾಡಿಸಲಿಲ್ಲ, ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದರು. ಆ ಹಿರಿಯರು ಆಮಂತ್ರಣ ಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳುತ್ತ, ಒಳಕೋಣೆಯ ಕಡೆ ಒಮ್ಮೆ ನೋಡಿ, ಯಾರಿಗೆ ಆರಾಮಿಲ್ಲ ಎಂದು ಮಾಮಿಯನ್ನು ಪಿಸುಮಾತಿನಲ್ಲಿ ಕೇಳಿದರು. ಮಾಮಿಗೆ ಈಚೆಗೆ ಕಿವಿ ಬಹಳ ಮಂದವಾಗಿತ್ತು, ಮಷಿನ್ ಹಾಕಿಸಿದ್ದರೂ ಪಿಸುಮಾತು ಕೇಳುತ್ತಿರಲಿಲ್ಲ. ಏನಂದ್ರಿ, ಎಂದರು. ಅವರು ಇನ್ನಷ್ಟು ಹತ್ತಿರ ಬಂದು ಕೇಳಿದರು. ಅದೂ ಕೇಳಿಸಲಿಲ್ಲ. ಕಡೆಗೆ ಪಾಪ, ಆ ಮರ್ಯಾದಸ್ಥರು ಓಣಿಗೆಲ್ಲ ಕೇಳುವಂತೆ ಕೂಗಿ ಕೇಳಬೇಕಾಯಿತು.

"ಕಂಪ್ಯೂಟರಿಗಿ" ಎಂದರು ಮಾಮಿ.

ಅವರು ಚಹಾ ಕುಡಿಯದೆ ಎದ್ದರು. ವಾಸ್ತುಶಾಂತಿಯ ದಿನ ಮಾಮಾನನ್ನು ತಮ್ಮ ಹೊಸ ಮನೆಯ ಕರೆಂಟು ಮೀಟರಿನಿಂದ ಬಹಳ ದೂರ ಕೂರಿಸಿದರು.

ಸಂಜೆಯ ಹೊತ್ತಿಗೆ ಹೊಸ ಶಾಖೆ ಬಂದು ಕೂತಿತು. ಪರದೆ ಬಂತು, ಬಣ್ಣ ಬಂತು. ಸದ್ದು ಮಾತ್ರ ಹೋಯಿತು. ಕನ್ನಡದ ಒತ್ತಕ್ಷರಗಳೂ ಹೋದವು! ಅಕ್ಷರಗಳೆಲ್ಲ ಜಗಳಾಡಿ ಬೇರೆಯಾದ ಅಣ್ಣತಮ್ಮಂದಿರ ಹಾಗೆ ದೂರ ದೂರ ನಿಂತಿದ್ದವು. ಇದು ಗೊತ್ತಿಲ್ಲದೆ ನಾನು ನನ್ನ ಸಾಲೆಯ ವಿಜ್ಞಾನ ಪ್ರದರ್ಶನದ ಪತ್ರಿಕೆಯನ್ನು ಅವರಿಗೆ ಕೊಟ್ಟು ಅಚ್ಚು ಮಾಡಿಸಿದೆ. ನಾನು ಇಲ್ಲಿಯ ಕನ್ನಡ ಸಾಲೆಯಲ್ಲಿ ಶಿಕ್ಷಕಿ. ತಪಾಸಣೆಗೆ ಬಂದ ಮರಾಠಿ ಸಾಹೇಬರು ಆ ಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, "ಹೇ ತೆಲುಗು ಆಹೇ ಕಾ?" ಎಂದು ಕೇಳಿದರು. ನಮ್ಮ ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ಮರ್ಯಾದೆಯ ಪ್ರಶ್ನೆ. ಹೌದು, ತೆಲುಗು ಎಂದುಬಿಟ್ಟರು. ಗಡಿಯ ಸಾಲೆಯೊಂದು ಮೂರು ಭಾಷೆಯಲ್ಲಿ ಕೆಲಸ ಮಾಡುತ್ತಿದೆ ಎಂದು ಸಾಹೇಬರು ಬಹಳ ಖುಷಿಪಟ್ಟು ತಪಾಸಣೆಯ ಷರಾದಲ್ಲಿ ಬರೆದು ಹೋದರು. ಈಗ ಪ್ರತಿ ಸಲ ಬಂದಾಗಲೂ ತೆಲುಗು ಹೇಗೆ ನಡೆದಿದೆ ಎಂದು ಕೇಳುತ್ತಾರೆ.

ಟೆಸ್ಟಿಂಗಿನ ಗುಣವೇ ಅದು ಎಂದು ಮಾಮಾ ನನ್ನನ್ನು ಸಮಾಧಾನ ಮಾಡಿದರು. ಇವತ್ತು ಕೆಟ್ಟದ್ದು ನಾಳೆ ಸರಿಯಾಗುತ್ತದೆ. ಮಾತು ಸುಳ್ಳಲ್ಲ. ಒತ್ತಕ್ಷರಗಳು ಮರಳಿ ಬಂದವು. ಆದರೆ ಅವು ಬಂದ ದಿನ ಪ್ರಿಂಟರು ಹೋಯಿತು. ಪ್ರಿಂಟರು ಬಂದ ದಿನ ಪರದೆ ತಲೆಕೆಳಗಾಯಿತು, ಮಾಮಾ ಒಂದು ಇಡೀ ಮುಂಜಾನೆ ಕುತ್ತಿಗೆ ವಾಲಿಸಿಕೊಂಡು ಕೆಲಸ ಮಾಡಿ ಆಮೇಲೆ ಅಯೋಡೆಕ್ಸ್ ಹಚ್ಚಿಸಿಕೊಂಡರು. ಸದ್ದಿನದು ಮಾತ್ರ ಮುಗಿಯದ ಕತೆ. ಒಮ್ಮೆ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ಇದ್ದಾಗ ಮಾಮಾ ಅದನ್ನು ಸುಮ್ಮನೆ ಬಿಡುತ್ತಿರಲಿಲ್ಲ. ದಿನವೂ ಅದರ ಮುಂದೆ ಕೂತು ಏನೋ ಹುಡುಕುವುದು, ಏನೋ ಬರೆಯುವುದು, ಮತ್ತೆ ಸದ್ದು ಹೋಗುವುದು. ಸ್ಪೀಕರು ಒಮ್ಮೆ ತಾನಾಗಿಯೇ ಕಿರುಚಿದ್ದಕ್ಕೆ ಎದುರು ಮನೆಯ ಮೇಕೆ ಹಗ್ಗ ಹರಿದುಕೊಂಡು ಸಂತೆಯವರೆಗೆ ಓಡಿಹೋಗಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಕಂಪ್ಯೂಟರಿನ ಮುಂದೆ ನನ್ನ ಆನ್‌ಲೈನ್ ತರಬೇತಿಗೆ ಕೂತೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು? ಆ ದಿನ ನನ್ನ ಮೊಬೈಲು ರಿಪೇರಿಗೆ ಹೋಗಿತ್ತು. ತಾಲೂಕಿನ ಮಾಸ್ತರರೆಲ್ಲ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳಲ್ಲಿ ಕೂತಿದ್ದರು. ತರಬೇತಿ ಕೊಡುವ ಸಾಹೇಬರು ಮಾತಾಡುತ್ತಲೇ ಇದ್ದರು. ನಮ್ಮ ಧ್ವನಿ ಬಂದ್ ಆಗಿದೆ ಎಂದು ಪರದೆ ಹೇಳುತ್ತಿತ್ತು, ನಾನು ನಂಬಿದೆ. ಮಾಮಾ ಹಿಂದೆ ಬಂದು ನಿಂತು, ಸ್ವಲ್ಪ ಹೊತ್ತು ಕೇಳಿ, ತಮ್ಮ ಶುದ್ಧ ಮಾಸ್ತರ ದನಿಯಲ್ಲಿ ಮರಾಠಿಯಲ್ಲೇ ಹೇಳಿದರು: ಈ ಮನುಷ್ಯ ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತಾನೆ, ಇವನಿಗೆ ಮನೆಯಲ್ಲಿ ಊಟಕ್ಕೆ ಕರೆಯುವವರು ಯಾರೂ ಇಲ್ಲವೇ?

ಪರದೆಯ ಮೇಲೆ ಸಾಹೇಬರು ಮಾತು ನಿಲ್ಲಿಸಿದರು. ಚೌಕಗಳಲ್ಲಿ ಕೂತವರೆಲ್ಲ ಒಮ್ಮೆಲೇ ತಲೆ ತಗ್ಗಿಸಿದರು, ಕೆಲವರ ಹೆಗಲು ಮಾತ್ರ ಕುಣಿಯುತ್ತಿತ್ತು. ಸಾಹೇಬರು ಗಡಿಯಾರ ನೋಡಿ, ಇವತ್ತಿಗೆ ಇಷ್ಟು ಸಾಕು ಎಂದು ಮುಗಿಸಿಬಿಟ್ಟರು. ಮರುದಿನ ನಾನು ಹೆದರಿ ಹೆದರಿ ಸಾಲೆಗೆ ಹೋದರೆ, ಬೇರೆ ಸಾಲೆಗಳ ಮಾಸ್ತರರು ಫೋನು ಮಾಡಿ, ಮುಂದಿನ ತರಬೇತಿಗೂ ನಿಮ್ಮ ಮಾಮಾ ಅವರನ್ನು ಕೂರಿಸಿಕೊಳ್ಳಿ ಎಂದು ಕೇಳಿಕೊಂಡರು.

ನಗು ನಗುವಿನ ಜಾಗದಲ್ಲಿ. ನನಗೆ ಮಾತ್ರ ಸಿಟ್ಟು ಬಂದಿತ್ತು. ಸಂಜೆ ಹೋಗಿ ಮಾಮಾನ ಮುಂದೆ ಕೂತೆ. ಎರಡು ವರ್ಷ ಒಂದು ಮಾತಿಲ್ಲದೆ ದುಡಿದ ಯಂತ್ರವನ್ನು ಹೀಗೆ ಗೋಳು ಹೊಯ್ದುಕೊಳ್ಳುವುದೇಕೆ, ಹಳೆಯ ಸ್ಟೇಬಲ್ಲನ್ನೇ ಮತ್ತೆ ಹಾಕಿಬಿಡಿ ಎಂದೆ. ಎಂದಿನಂತೆ ಏನಾದರೂ ಚೇಷ್ಟೆ ಮಾತಾಡಿಯಾರು ಎಂದುಕೊಂಡಿದ್ದೆ. ಆಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು.

"ಈಗ ಹಿಂದ ಬರೂದು ಆಗೂದಿಲ್ಲವ್ವಾ. ಇನ್ನ ಸ್ವಲ್ಪೇ ಉಳದದ" ಎಂದರು.

ಏನು ಉಳಿದಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಮನುಷ್ಯನಿಗೆ ವಯಸ್ಸಾಯಿತು, ಹಟ ಹೆಚ್ಚಾಯಿತು ಎಂದು ಮನೆಗೆ ಬಂದು ಅವ್ವನಿಗೆ ಹೇಳಿದೆ.

ಅದಾದ ಮೇಲೆ ಒಂದು ರವಿವಾರ ಹನ್ನೊಂದರ ಸುಮಾರಿಗೆ ಹುರಿದ ಶೇಂಗಾ ಕೊಡಲೆಂದು ಅವರ ಮನೆಗೆ ಹೋದೆ. ರವಿವಾರ ಆ ಹೊತ್ತಿಗೆ ಕೊಲ್ಲಾಪುರದಿಂದ ಅವರ ಮಗಳು ವಿಡಿಯೋ ಕಾಲ್ ಮಾಡುತ್ತಾಳೆ, ಜೊತೆಗೆ ಅವಳ ನಾಲ್ಕು ವರ್ಷದ ಮಗಳು. ಪ್ರತಿ ಸಲ ಓಣಿಯ ತುದಿಗೇ ಆ ಮಗುವಿನ ಕೀಚಲು ದನಿ ಕೇಳಿಸುತ್ತಿತ್ತು. ಈ ಸಲ ಮನೆ ನಿಶ್ಶಬ್ದವಾಗಿತ್ತು. ಒಳಗೆ ಹೆಜ್ಜೆ ಇಟ್ಟೆ. ಪರದೆಯ ಮುಂದೆ ಮಾಮಿ ಕೂತಿದ್ದಾರೆ. ಪರದೆಯ ತುಂಬ ಮಗುವಿನ ಮುಖ. ಅದು ಬಾಯಿ ತೆರೆದು, ಕಣ್ಣು ಅರಳಿಸಿ, ಎರಡೂ ಕೈ ಎತ್ತಿ ಏನೋ ಹೇಳುತ್ತಿದೆ. ಒಂದು ಅಕ್ಷರವೂ ಕೇಳಿಸುತ್ತಿಲ್ಲ. ಗೋಡೆಗೆ ಒರಗಿ ಮಾಮಾ ನಿಂತಿದ್ದಾರೆ.

ಮತ್ತೆ ಸದ್ದು ಹೋಯಿತು, ಮುಗಿಯಿತು ಕತೆ ಎಂದುಕೊಂಡೆ. ಹೇಳಲು ಬಾಯಿ ತೆರೆದೆ.

ಅಷ್ಟರಲ್ಲಿ ಮಾಮಿ ಮಾತಾಡಿದರು. "ಬೆಕ್ಕಿನ ಮರಿ ಹಂಗ ಅಂತದೇನು? ಕರ್ರಗ ಅದನೋ ಬೆಳ್ಳಗ ಅದನೋ?"

ಮಗುವಿನ ತುಟಿ ಆಡಿತು. ಮಾಮಿ ಒಂದು ಕ್ಷಣ ತಡೆದು, "ಬಾಲ ಅಷ್ಟ ಬೆಳ್ಳಗ? ಹಂಗಾದ್ರ ಅದನ್ನ ಈ ಆಯಿಗಿ ತೋರಿಸಬೇಕಲ್ಲ" ಎಂದರು. ಮಗು ಎದ್ದು ಓಡಿತು, ಬೆಕ್ಕಿನ ಮರಿ ತರಲು.

ನನಗೆ ತಿಳಿಯಲಿಲ್ಲ. ನಾನು ಮಾಮಾನ ಕಡೆ ನೋಡಿದೆ. ಅವರು ಕಣ್ಣಲ್ಲೇ ಕರೆದು ನನ್ನನ್ನು ಹಿತ್ತಲಿಗೆ ಒಯ್ದರು. ಅಲ್ಲಿ ಬೇವಿನ ನೆರಳಿನಲ್ಲಿ ನಿಂತು ಮೆಲ್ಲಗೆ ಹೇಳಿದರು. ಮಾಮಿಗೆ ಮಿರಜಿನಲ್ಲಿ ಕಿವಿ ಮಷಿನ್ ಹಾಕಿಸಿದ್ದು ನನಗೂ ಗೊತ್ತಿತ್ತು. ಎದುರಿಗೆ ಕೂತು ಆಡಿದ ಮಾತು ಅದರಿಂದ ಕೇಳುತ್ತಿತ್ತು. ಆದರೆ ಕಂಪ್ಯೂಟರಿನ ಸ್ಪೀಕರಿನಿಂದ ಬಂದ ದನಿ, ಅದರಲ್ಲೂ ಚಿಕ್ಕ ಮಕ್ಕಳದು, ತಗಡಿನ ಮೇಲೆ ಕಾಳು ಸುರಿದ ಹಾಗೆ ಬರೀ ಗದ್ದಲವಾಗುತ್ತಿತ್ತಂತೆ. ಮಾಮಿ ಯಾರಿಗೂ ಹೇಳಿರಲಿಲ್ಲ. ಮಗು ಏನು ಕೇಳಿದರೂ ನಕ್ಕು ಹೌದು ಹೌದು ಎನ್ನುತ್ತಿದ್ದರು. ಆಮೇಲೆ ಆಮೇಲೆ, ಒಲೆಯ ಮೇಲೆ ಹಾಲಿಟ್ಟೀನಿ, ಉಕ್ಕತದ ಎಂದು ನಡುವೆಯೇ ಎದ್ದು ಹೋಗತೊಡಗಿದರು.

"ನಾ ಒಂದಿನ ಆಕಿ ಹಿಂದ ಹೋಗಿ ನೋಡಿದೆ" ಎಂದರು ಮಾಮಾ. "ಒಲಿ ಹಚ್ಚೇ ಇದ್ದಿಲ್ಲ. ಸುಮ್ಮ ನಿಂತಿದ್ಲು, ಅಡಗಿಕಟ್ಟಿ ಹಿಡಕೊಂಡು."

ಕಂಪ್ಯೂಟರಿನ ದನಿಯನ್ನು ಗಾಳಿಯಲ್ಲಿ ಹಾಯಿಸದೆ ನೇರವಾಗಿ ಆ ಮಷಿನ್ನಿಗೇ ಕಳಿಸಬಹುದು ಎಂದು ಡಾಕ್ಟರು ಹೇಳಿದ್ದರಂತೆ. ಆದರೆ ಅದರ ಜೊತೆ ಮಾತಾಡುವ ವಿದ್ಯೆ ಹಳೆಯ ಸ್ಟೇಬಲ್ಲಿಗೆ ಇರಲಿಲ್ಲ. ಹೊಸ ಶಾಖೆಯಲ್ಲಿ ಆಗಷ್ಟೇ ಬಂದಿತ್ತು, ಅದೂ ಅರೆಬರೆ. ಮಾಮಾನ ಮೊಬೈಲಿಗೂ ಇರಲಿಲ್ಲ. ಹೊಸ ಮೊಬೈಲು ತಂದಿದ್ದರೆ ಆಗುತ್ತಿತ್ತಲ್ಲ, ಇಷ್ಟು ತಿಂಗಳ ಒದ್ದಾಟ ಏಕೆ ಬೇಕಿತ್ತು ಎಂದು ನಾನು ಕೇಳಿದೆ.

"ಮೊಬೈಲ್‌ದಾಗ ಕೂಸು ಬೆರಳಷ್ಟ ಕಾಣ್ತದ. ಆಕಿಗಿ ತುಟಿ ಕಾಣಬೇಕವ್ವಾ. ಅರ್ಧಾ ಆಕಿ ಕಣ್ಣೀಲೇ ಕೇಳ್ತಾಳ."

ಮೊದಲೇ ನಮಗೆಲ್ಲ ಹೇಳಬಹುದಿತ್ತಲ್ಲ ಎಂದು ಒಂದು ಮಾತು ಬಾಯಿಗೆ ಬಂತು, ಅದನ್ನು ನುಂಗಿದೆ. ಆಗದೆ ಹೋದರೆ ಅವಳಿಗೆ ಆಸೆ ಹಚ್ಚಿದಂತಾಗುತ್ತದೆ ಎಂದು ಅವರೇ ಹೇಳಿ, ಶೇಂಗಾದ ಚೀಲ ಇಸಿದುಕೊಂಡು ಒಳಗೆ ನಡೆದರು.

ಬೆಕ್ಕಿನ ಮರಿ ಬಂದಿತ್ತು. ಅದರ ಬಿಳಿ ಬಾಲ ಪರದೆಯ ಒಂದು ಮೂಲೆಯಲ್ಲಿ ಆಡುತ್ತಿತ್ತು. ದನಿಯೆಲ್ಲ ಮಾಮಿಯ ಕಿವಿಗೇ ಹೋಗುತ್ತಿದ್ದುದರಿಂದ ನಮಗಿಬ್ಬರಿಗೂ ಏನೂ ಕೇಳಿಸುವಂತಿರಲಿಲ್ಲ. ಅದನ್ನು ಹೇಗೆ ಎರಡೂ ಕಡೆ ಬರುವಂತೆ ಮಾಡಬೇಕೋ ಅವರಿಗೆ ಇನ್ನೂ ಹೊಳೆದಿರಲಿಲ್ಲವಂತೆ. ಮಗು, ಮತ್ತೆ ಗೋಡೆಗೆ ಒರಗಿ ನಿಂತಿದ್ದ ಮಾಮಾನ ಕಡೆ ಬೆರಳು ಮಾಡಿ ಉದ್ದವಾಗಿ ಏನೋ ಹೇಳಿತು. ಮಾಮಿ ಸೆರಗು ಬಾಯಿಗಿಟ್ಟುಕೊಂಡು ಮೈ ಕುಲುಕಿ ನಕ್ಕರು. ಹಾಗೆ ಅವರು ನಕ್ಕಿದ್ದನ್ನು ನಾನು ಈ ಕೆಲವು ವರ್ಷಗಳಲ್ಲಿ ನೋಡಿರಲಿಲ್ಲ.

ಮಾಮಾ ಹೆಂಡತಿಯ ಹೆಗಲ ಹತ್ತಿರ ಬಗ್ಗಿದರು. "ಏನಂತಾಳ?"

"ಅಜ್ಜಾ ಯಾಕ ಗ್ವಾಡಿಗಿ ನಿಂತಾನ, ಅವಂಗ ಶಿಕ್ಷಾ ಕೊಟ್ಟೀಯೇನು ಅಂತ ಕೇಳ್ಲಾಕತ್ತಾಳ."

"ಹೌದಂತ ಹೇಳು."

ಮಾಮಿ ಪರದೆಯ ಕಡೆ ತಿರುಗಿ ಹೇಳಿದರು. ಮಗು ಅದಕ್ಕೆ ಏನೋ ಉತ್ತರ ಕೊಟ್ಟಿತು. ಮಾಮಾ ಮತ್ತೆ ಬಗ್ಗಿ ಕೇಳಿದರು. ಮಾಮಿ ಹೇಳಲಿಲ್ಲ, ಅವರ ಕೈಯನ್ನು ಸುಮ್ಮನೆ ಒಮ್ಮೆ ಒತ್ತಿ, ಮೊಮ್ಮಗಳ ಮುಂದಿನ ಮಾತಿಗೆ ಕಿವಿಗೊಟ್ಟರು.